‘ಸ್ಯಾಂಕ್ಷನ್’ ಆಗಿದೆ ಅಂದರೆ ಖುಷಿ ಪಡಬೇಕಾ, ಹೆದರಬೇಕಾ?

ತೋಟದಮನೆ (ಶಿರಸಿ):
ಒಂದು ಇಂಗ್ಲಿಷ್ ಶಬ್ದದ ಸಲುವಾಗಿ ನಮ್ಮ ಮನೆಯಲ್ಲಿ ಎರಡು ಪಂಗಡ ಆಗಿದೆ. ತಿಳಿದವರು ಬಿಡಿಸಿ ಹೇಳಿ.

ಅಣ್ಣನ ಮಗ ಜಿ.ಪಿ. ರೇಟಿಂಗ್ (ಹಡಗಿನ ಕೆಳಹಂತದ ಕೆಲಸದ) ಕೋರ್ಸ್ ಮುಗಿಸಿ ಹಡಗಿನ ಕೆಲಸಕ್ಕೆ ಕಾಯುತ್ತಿದ್ದಾನೆ. ಒಬ್ಬ ಏಜೆಂಟ್ ಫೋನ್ ಮಾಡಿ ಒಂದು ಟ್ಯಾಂಕರ್ ಹೆಸರು ಕೊಟ್ಟ. ದುಡ್ಡು ಹೊಂದಿಸಿಕೊಳ್ಳಿ, ಬೇಗ ಸೇರಿಸುತ್ತೇನೆ ಅಂದ. ಹುಡುಗ ಆ ಹೆಸರನ್ನು ಗೂಗಲ್‌ನಲ್ಲಿ ಹಾಕಿದರೆ ‘ಸ್ಯಾಂಕ್ಷನ್ಡ್ ಬೈ ಯುಎಸ್’ ಅಂತ ಬಂತು. ಅತ್ತಿಗೆ ಆಗಲೇ ದೇವರ ಮುಂದೆ ತುಪ್ಪದ ದೀಪ ಹಚ್ಚಿದರು. ‘ಇಲ್ಲಿ ಬೆಳೆಸಾಲ ಸ್ಯಾಂಕ್ಷನ್ ಆಗಲಿಕ್ಕೇ ಎಷ್ಟು ಅಲೆಯಬೇಕು, ಇದು ಅಮೆರಿಕದವರೇ ಸ್ಯಾಂಕ್ಷನ್ ಮಾಡಿದ ಹಡಗು, ಇನ್ನೇನು ಬೇಕು?’ ಅಂತ.

ನನಗೆ ಯಾಕೋ ಅನುಮಾನ. ಟಿವಿಯಲ್ಲಿ ರಷ್ಯಾ ಮೇಲೆ ಸ್ಯಾಂಕ್ಷನ್, ಇರಾನ್ ಮೇಲೆ ಸ್ಯಾಂಕ್ಷನ್ ಅಂತಾರಲ್ಲ, ಅದು ಒಳ್ಳೆ ಸುದ್ದಿಯ ಹಾಗೆ ಕೇಳುವುದಿಲ್ಲ. ಒಂದೇ ಶಬ್ದ ಎರಡೂ ಹೇಗೆ ಆಗುತ್ತದೆ?

ಕರಿ ಇಶಾಡ (ಅಂಕೋಲಾ):
ತುಪ್ಪ ದಂಡ ಆಯ್ತು ಮಾರಾಯ್ರೆ.

ಎಂಜಿನ್ ರೂಮ್ (ಕಾರವಾರ):
ಶಬ್ದದ ಚರ್ಚೆ ಆಮೇಲೆ ಮಾಡಿ. ಮೊದಲು ಹುಡುಗನಿಗೆ ಹೇಳಿ, ಒಂದು ಪೈಸೆ ಕೊಡಬಾರದು, ಪಾಸ್‌ಪೋರ್ಟ್ ಮತ್ತು ಸಿಡಿಸಿ (ನಾವಿಕರ ಗುರುತಿನ ಪುಸ್ತಕ) ಯಾರ ಕೈಗೂ ಕೊಡಬಾರದು.

ನಾನು ಹಡಗಿನಲ್ಲಿ ಎಂಜಿನ್ ಕೆಲಸ ಮಾಡುವವನು. ನಮ್ಮಲ್ಲಿ ‘ಸ್ಯಾಂಕ್ಷನ್ಡ್ ವೆಸೆಲ್’ ಅಂದರೆ ಕಪ್ಪು ಪಟ್ಟಿಗೆ ಸೇರಿದ ಹಡಗು. ಅಮೆರಿಕದ ಖಜಾನೆ ಇಲಾಖೆಯಲ್ಲಿ ಒಫ್ಯಾಕ್ ಅಂತ ಒಂದು ಕಚೇರಿ ಇದೆ. ಯಾವ ವ್ಯಕ್ತಿ, ಯಾವ ಕಂಪನಿ, ಯಾವ ಹಡಗಿನ ಜೊತೆ ವ್ಯವಹಾರ ಕೂಡದು ಅಂತ ಅವರು ಪಟ್ಟಿ ಹಾಕುತ್ತಾರೆ. ಆ ಪಟ್ಟಿಯನ್ನು ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಹಡಗಿನ ಹೆಸರು ಹಾಕಿ ಹುಡುಕಿದರೆ ಸಾಲದು, ಹೆಸರು ಬದಲಾಯಿಸುತ್ತಲೇ ಇರುತ್ತಾರೆ. ಏಳು ಅಂಕಿಯ ಐಎಂಒ ನಂಬರ್ ಹಾಕಿ ನೋಡಿ. ಹಡಗಿಗೆ ಎಷ್ಟು ಹೆಸರು ಬಂದರೂ, ಎಷ್ಟು ದೇಶದ ಬಾವುಟ ಹಾರಿಸಿದರೂ ಆ ನಂಬರ್ ಒಂದೇ ಇರುತ್ತದೆ.

ಅಂಥ ಹಡಗಿಗೆ ದೊಡ್ಡ ಇನ್ಶೂರೆನ್ಸ್ ಕಂಪನಿಗಳು ಕೈ ಹಾಕುವುದಿಲ್ಲ. ಒಳ್ಳೆ ಬಂದರಿನವರು ಒಳಗೆ ಬಿಡುವುದಿಲ್ಲ. ಕಂಪನಿ ಸಂಬಳ ಹಾಕಿದರೂ ಬ್ಯಾಂಕಿನಲ್ಲಿ ಸಿಕ್ಕಿಕೊಳ್ಳಬಹುದು. ಎಷ್ಟೋ ಸಲ ಹಡಗು ಎಲ್ಲಿದೆ ಅಂತ ತೋರಿಸುವ ಎಐಎಸ್ ಯಂತ್ರವನ್ನೇ ಆರಿಸಿಟ್ಟು ಓಡಿಸುತ್ತಾರೆ. ಅಂದರೆ ಪಕ್ಕದ ಹಡಗಿನ ಎಐಎಸ್ ಪರದೆಯಲ್ಲೂ ನೀವು ಕಾಣುವುದಿಲ್ಲ. ಕೊನೆಗೆ ಮಾಲೀಕ ಕೈಬಿಟ್ಟರೆ ಲಂಗರು ಹಾಕಿದ ಜಾಗದಲ್ಲೇ ಹುಡುಗರು ಕೂರಬೇಕು.

ಇನ್ನೊಂದು. ಕೆಲಸ ಕೊಡಿಸಲಿಕ್ಕೆ ನಾವಿಕನ ಹತ್ತಿರ ದುಡ್ಡು ಕೇಳುವುದೇ ತಪ್ಪು. 2006ರ ಕಡಲ ಕಾರ್ಮಿಕ ಒಪ್ಪಂದದಲ್ಲಿ ಅದು ಸ್ಪಷ್ಟ ಇದೆ, ಭಾರತವೂ ಅದನ್ನು ಒಪ್ಪಿದೆ. ಮೆಡಿಕಲ್, ಪಾಸ್‌ಪೋರ್ಟ್, ಸಿಡಿಸಿ ಖರ್ಚು ಮಾತ್ರ ನಮ್ಮದು. ಏಜೆಂಟನಿಗೆ ಆರ್‌ಪಿಎಸ್‌ಎಲ್ ಲೈಸೆನ್ಸ್, ಅಂದರೆ ನಾವಿಕರನ್ನು ಕೆಲಸಕ್ಕೆ ಸೇರಿಸುವ ಪರವಾನಗಿ, ಇದೆಯಾ ಅಂತ ಕೇಂದ್ರದ ಹಡಗು ಇಲಾಖೆ ಡಿ.ಜಿ. ಶಿಪ್ಪಿಂಗ್ ವೆಬ್‌ಸೈಟಿನಲ್ಲಿ ನೋಡಿ. ಇಲ್ಲ ಅಂದರೆ ಅವನ ಫೋನನ್ನೇ ಎತ್ತಬೇಡಿ.

ತೊಡದೇವು (ಶಿರಸಿ):
ಅಯ್ಯೋ, ನನಗೂ ಅದು ‘ಒಪ್ಪಿಗೆ ಪಡೆದ ಹಡಗು’ ಅಂತಲೇ ಅನಿಸುತ್ತಿತ್ತು. ನಮ್ಮ ಕಡೆ ಸ್ಯಾಂಕ್ಷನ್ ಅಂದರೆ ಪೇಡಾ ಹಂಚುವ ವಿಷಯ ಅಲ್ವಾ?

ಭಟ್ಕಳ ಟು ದುಬೈ:
ಎಂಜಿನ್ ರೂಮ್ ಹೇಳಿದ್ದು ಸರಿ. ನಾನು ಇಲ್ಲಿ ಹಣ ಕಳಿಸುವ ಅಂಗಡಿಯಲ್ಲಿ ಕೌಂಟರ್‌ನಲ್ಲಿ ಕೂರುವವನು. ಪ್ರತಿಯೊಂದು ಹೆಸರೂ ಮೊದಲು ಸ್ಯಾಂಕ್ಷನ್ ಪಟ್ಟಿಗೆ ತಾಳೆ ಆಗಬೇಕು. ಹೆಸರು ಹೋಲಿಕೆ ಆದರೂ ಸಾಕು, ಕಂಪ್ಯೂಟರ್ ನಿಲ್ಲಿಸಿಬಿಡುತ್ತದೆ. ನಮ್ಮ ಊರಿನ ಹೆಸರುಗಳಂತೂ ಒಂದೇ ಥರ, ಹಾಗಾಗಿ ಪಾಪ ಗಾರೆ ಕೆಲಸದವರೂ ಜನ್ಮದಿನಾಂಕ, ಪಾಸ್‌ಪೋರ್ಟ್ ಎಲ್ಲ ತೋರಿಸಿ ‘ಅವನು ನಾನಲ್ಲ’ ಅಂತ ಸಾಬೀತು ಮಾಡಬೇಕು. ಊರಿಗೆ ಫೋನ್ ಮಾಡಿ ‘ಸ್ಯಾಂಕ್ಷನ್ ಚೆಕ್ ಆಗ್ತಾ ಇದೆ’ ಅಂದರೆ ಮನೆಯವರು ‘ಎಷ್ಟು ಸ್ಯಾಂಕ್ಷನ್ ಆಯ್ತು?’ ಅಂತ ಕೇಳುತ್ತಾರೆ.

ಕರಿ ಇಶಾಡ (ಅಂಕೋಲಾ):
😂😂

ನಿವೃತ್ತ ಮಾಸ್ತರು (ಕುಮಟಾ):
ನಲವತ್ತು ಮಕ್ಕಳ ಕ್ಲಾಸಿನಲ್ಲಿ ಈ ಶಬ್ದ ಬಂದಾಗೆಲ್ಲ ಗದ್ದಲ ಆಗುತ್ತಿತ್ತು. ಇಂಗ್ಲಿಷಿನಲ್ಲಿ ತನಗೆ ತಾನೇ ವಿರುದ್ಧ ಅರ್ಥ ಕೊಡುವ ಕೆಲವು ಶಬ್ದಗಳಿವೆ. ಇದು ಅದರಲ್ಲಿ ಮುಖ್ಯವಾದದ್ದು. ಒಪ್ಪಿಗೆ ಕೊಡು ಎಂದೂ ಹೌದು, ಶಿಕ್ಷೆ ವಿಧಿಸು ಎಂದೂ ಹೌದು.

ಮೂಲ ಲ್ಯಾಟಿನ್. ‘ಸಾಂಕೀರೆ’ ಅಂದರೆ ಪವಿತ್ರ ಮಾಡುವುದು, ಮುರಿಯಬಾರದು ಎಂದು ಗಟ್ಟಿ ಮಾಡುವುದು. ‘ಸೇಂಟ್’ ಎಂಬ ಶಬ್ದವೂ ಅದೇ ಮನೆಯದು. ಇಂಗ್ಲಿಷಿಗೆ ಮೊದಲು ಬಂದದ್ದು ನಾಮಪದವಾಗಿ, ಕಟ್ಟಳೆ, ಶಾಸನ ಎಂಬ ಅರ್ಥದಲ್ಲಿ. ಶಾಸನ ಎರಡು ರೀತಿಯಿಂದ ಗಟ್ಟಿಯಾಗುತ್ತದೆ. ದೊಡ್ಡವರು ಒಪ್ಪಿ ಮುದ್ರೆ ಒತ್ತಬೇಕು, ಮುರಿದವನಿಗೆ ಶಿಕ್ಷೆಯೂ ಆಗಬೇಕು. ಮುದ್ರೆ ಒತ್ತುವ ಕಡೆ ಹೋದ ಅರ್ಥ ನಮ್ಮ ಬ್ಯಾಂಕಿಗೆ ಬಂತು. ಶಿಕ್ಷೆಯ ಕಡೆ ಹೋದದ್ದು ನಿಮ್ಮ ಹಡಗಿಗೆ ಬಂತು.

ಕ್ರಿಯಾಪದವಾಗಿ ‘ಮಂಜೂರು ಮಾಡು’ ಎಂಬ ಅರ್ಥ 18ನೇ ಶತಮಾನದ ಕೊನೆಯದ್ದು. ‘ಶಿಕ್ಷಿಸು’ ಎಂಬ ಕ್ರಿಯಾಪದ ತೀರಾ ಈಚಿನದು, 20ನೇ ಶತಮಾನದ ನಡುವಿನದು. ನಾವು ಓದುವಾಗ ಹಳೆಯ ಮೇಷ್ಟ್ರುಗಳು ಆ ಎರಡನೆಯದನ್ನು ಒಪ್ಪುತ್ತಲೇ ಇರಲಿಲ್ಲ, ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಿದ್ದರು.

ತೋಟದಮನೆ (ಶಿರಸಿ):
ಎಂಜಿನ್ ರೂಮ್ ಅವರೇ, ತುಂಬಾ ಉಪಕಾರ ಆಯ್ತು. ಹುಡುಗನಿಗೆ ಆಗಲೇ ಓದಿ ಹೇಳಿದೆ. ಲೈಸೆನ್ಸ್ ನಂಬರ್ ಕೇಳಲಿಕ್ಕೆ ಹೇಳಿದ್ದೇನೆ.

ಮಾಸ್ತರೆ, ಹಾಗಾದರೆ ವಾಕ್ಯ ಓದಿದಾಗ ಯಾವ ಅರ್ಥ ಅಂತ ಗುರುತು ಹಿಡಿಯುವುದು ಹೇಗೆ?

ನಿವೃತ್ತ ಮಾಸ್ತರು (ಕುಮಟಾ):
ಏನನ್ನು ಸ್ಯಾಂಕ್ಷನ್ ಮಾಡಿದರು ಅಂತ ನೋಡಿ. ಸಾಲ, ರಜೆ, ಹುದ್ದೆ, ಕಾಮಗಾರಿ, ಅನುದಾನ ಇದ್ದರೆ ಒಪ್ಪಿಗೆ. ದೇಶ, ಕಂಪನಿ, ಮನುಷ್ಯ, ಹಡಗು ಇದ್ದರೆ ಶಿಕ್ಷೆ. ಬಹುವಚನದಲ್ಲಿ ‘ಸ್ಯಾಂಕ್ಷನ್ಸ್’ ಅಂತ ಬಂದರೆ ಕಣ್ಣು ಮುಚ್ಚಿ ಶಿಕ್ಷೆ ಅನ್ನಬಹುದು.

ಎಂ.ಬಿ. ಬುಕ್ (ಯಲ್ಲಾಪುರ):
ಕಣ್ಣು ಮುಚ್ಚಬೇಡಿ ಮಾಸ್ತರೆ. ನಮ್ಮ ಕಚೇರಿಯಲ್ಲಿ ‘ಪೆಂಡಿಂಗ್ ಸ್ಯಾಂಕ್ಷನ್ಸ್’ ಅಂತ ಒಂದು ಇಡೀ ಫೈಲೇ ಇದೆ. ಅದರಲ್ಲಿ ಶಿಕ್ಷೆ ಇರುವುದು ಕಾಯುವವರಿಗೆ ಮಾತ್ರ.

ನಿವೃತ್ತ ಮಾಸ್ತರು (ಕುಮಟಾ):
ಅದು ಕಚೇರಿ ಇಂಗ್ಲಿಷ್. ನಾನು ಹೇಳಿದ್ದು ಪೇಪರಿನ ಇಂಗ್ಲಿಷ್.

ಎಂ.ಬಿ. ಬುಕ್ (ಯಲ್ಲಾಪುರ):
ನಮಗೆ ದಿನಾ ಸಿಗುವುದು ಕಚೇರಿ ಇಂಗ್ಲಿಷೇ ಅಲ್ವಾ? ಪೇಪರಿನ ಇಂಗ್ಲಿಷ್ ಯಾರ ಮನೆಗೆ ಬರುತ್ತದೆ.

ಸುದ್ದಿಮನೆ (ಊರು ಹೊನ್ನಾವರ, ಇರುವುದು ಹುಬ್ಬಳ್ಳಿ):
ಮನುಷ್ಯ ಇದ್ದರೆ ಶಿಕ್ಷೆ ಅನ್ನುವ ಮಾತಿಗೆ ಒಂದು ಉದಾಹರಣೆ ಸೇರಿಸುತ್ತೇನೆ. 2023ರಲ್ಲಿ ನ್ಯೂಯಾರ್ಕಿನ ಒಂದು ಕೋರ್ಟಿನಲ್ಲಿ ವಕೀಲರು ಚಾಟ್‌ಜಿಪಿಟಿ ಹುಟ್ಟಿಸಿದ, ಇಲ್ಲದ ತೀರ್ಪುಗಳನ್ನು ಅರ್ಜಿಯಲ್ಲಿ ಹಾಕಿ ಸಿಕ್ಕಿಬಿದ್ದರು. ಜಡ್ಜ್ 5,000 ಡಾಲರ್ ದಂಡ ಹಾಕಿದರು. ಇಂಗ್ಲಿಷ್ ಸುದ್ದಿಯಲ್ಲಿ ‘ಲಾಯರ್ಸ್ ಸ್ಯಾಂಕ್ಷನ್ಡ್’ ಅಂತ ಬಂತು. ಡೆಸ್ಕಿನಲ್ಲಿ ಹೊಸ ಹುಡುಗ ಅದನ್ನು ‘ವಕೀಲರಿಗೆ ಕೋರ್ಟ್ ಅನುಮತಿ’ ಅಂತ ಕನ್ನಡಕ್ಕೆ ಇಳಿಸಿದ್ದ. ಅಚ್ಚಿಗೆ ಹೋಗುವ ಮೊದಲು ಒಬ್ಬರು ಹಿರಿಯರು ಹಿಡಿದರು.

ಆದರೆ ಎಲ್ಲ ಕಡೆ ಈ ಲೆಕ್ಕ ನಡೆಯುವುದಿಲ್ಲ. ‘ಸ್ಟೇಟ್ ಸ್ಯಾಂಕ್ಷನ್ಡ್’ ಹಿಂಸೆ ಅಂತ ಬರೆದರೆ ಸರ್ಕಾರ ಶಿಕ್ಷೆ ಕೊಟ್ಟದ್ದು ಅಂತ ಅಲ್ಲ, ಸರ್ಕಾರವೇ ಒಪ್ಪಿ ನಡೆಸಿದ್ದು ಅಂತ. ಹಿಂದೆ ಮುಂದೆ ಓದದೆ ಗತಿ ಇಲ್ಲ.

ಅಘನಾಶಿನಿ (ಕುಮಟಾ):
ಮಳೆಗಾಲದಲ್ಲಿ ಮೀನು ಹಿಡಿಯಲಿಕ್ಕೆ ಯಾಂತ್ರಿಕ ಬೋಟ್ ಇಳಿಸಬಾರದು ಅಂತ ಇದೆಯಲ್ಲ, ಜೂನ್ 1ರಿಂದ ಜುಲೈ 31, 61 ದಿನ. ಅದೂ ಸ್ಯಾಂಕ್ಷನ್ನಾ ಮಾಸ್ತರೆ?

ನಿವೃತ್ತ ಮಾಸ್ತರು (ಕುಮಟಾ):
ಅಲ್ಲ. ಅದು ನಿಷೇಧ, ಬ್ಯಾನ್. ಆ ನಿಷೇಧ ಮುರಿದು ಬೋಟ್ ಇಳಿಸಿದವನಿಗೆ ಏನು ಬೀಳುತ್ತದೋ ಅದು ಸ್ಯಾಂಕ್ಷನ್.

ಅಘನಾಶಿನಿ (ಕುಮಟಾ):
ಮತ್ತೆ ಡೀಸೆಲ್ ಸಬ್ಸಿಡಿ ಸ್ಯಾಂಕ್ಷನ್ ಆಯ್ತು ಅಂತಾರಲ್ಲ, ಅದು ಬೇರೆ?

ಕರಿ ಇಶಾಡ (ಅಂಕೋಲಾ):
ಅದು ಬೇರೆ ತಮ್ಮಾ. ಅದಕ್ಕೇ ಇಲ್ಲಿ ಇಷ್ಟೊತ್ತು ಜಗಳ.

ಕರಿ ಕೋಟು (ಕಾರವಾರ):
ವಕೀಲಿಕೆಯವರು ಇಲ್ಲದೆ ಈ ಚರ್ಚೆ ಹೇಗೆ ಮುಗಿಯುತ್ತದೆ?

ಎಲ್‌ಎಲ್‌ಬಿ ಸೇರಿದ ವರ್ಷವೇ ಜಾನ್ ಆಸ್ಟಿನ್ ಅಂತ ಒಬ್ಬರು ಬರುತ್ತಾರೆ, 19ನೇ ಶತಮಾನದ ಇಂಗ್ಲಿಷ್ ಪಂಡಿತರು. ಅವರ ಪ್ರಕಾರ ಕಾನೂನು ಅಂದರೆ ಆಳುವವನ ಅಪ್ಪಣೆ, ಅದರ ಬೆನ್ನಿಗೆ ಒಂದು ಸ್ಯಾಂಕ್ಷನ್ ಇರಬೇಕು. ಅಂದರೆ ಮೀರಿದರೆ ಪೆಟ್ಟು. ಹಾಗಾಗಿ ವಕೀಲರ ಕಿವಿಗೆ ಶಿಕ್ಷೆಯ ಅರ್ಥವೇ ಮೊದಲು ಬೀಳುತ್ತದೆ.

ಆದರೆ ಮಜಾ ಇರುವುದು ಇನ್ನೊಂದು ಕಡೆ. ಲಂಚದ ಕೇಸಿನಲ್ಲಿ ಸರ್ಕಾರಿ ನೌಕರನ ಮೇಲೆ ಕೋರ್ಟ್ ವಿಚಾರಣೆ ಶುರು ಮಾಡಬೇಕಾದರೆ ಮೊದಲು ಅವನ ಮೇಲಿನವರ ಸ್ಯಾಂಕ್ಷನ್ ಬೇಕು. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಕಲಮು. ಇಲ್ಲಿ ಸ್ಯಾಂಕ್ಷನ್ ಅಂದರೆ ಒಪ್ಪಿಗೆ, ಆದರೆ ಒಪ್ಪಿಗೆ ಕೊಡುವುದು ಶಿಕ್ಷೆಯ ದಾರಿಗೆ. ಎರಡೂ ಅರ್ಥ ಒಂದೇ ಹಾಳೆಯಲ್ಲಿ ಕೂತಿವೆ. ಎಷ್ಟೋ ಕೇಸು ಈ ಒಂದು ಹಾಳೆ ಸರಿ ಇಲ್ಲದ ಕಾರಣಕ್ಕೇ ಬಿದ್ದುಹೋಗುತ್ತದೆ. ಸಹಿ ಹಾಕಿದವನಿಗೆ ಅಧಿಕಾರ ಇತ್ತಾ, ಕಾಗದ ಓದಿ ಸಹಿ ಹಾಕಿದನಾ, ಸುಮ್ನೆ ಹಾಕಿದನಾ ಅಂತ ಪಾಟೀ ಸವಾಲು ಮಾಡುತ್ತೇವೆ.

ಪತ್ತಿನ ಲೆಕ್ಕ (ಸಿದ್ದಾಪುರ):
ನಮ್ಮ ಸೊಸೈಟಿಯಲ್ಲಿ ಹಳಬರು ಯಾರೂ ಸ್ಯಾಂಕ್ಷನ್ ಅನ್ನುವುದಿಲ್ಲ. ಪತ್ತು (ಸಾಲದ ಮಿತಿ) ಮಂಜೂರಾಯ್ತಾ ಅಂತ ಕೇಳುತ್ತಾರೆ. ಸ್ಯಾಂಕ್ಷನ್ ಅಂದರೆ ಬ್ಯಾಂಕಿನದು, ಮಂಜೂರಿ ಅಂದರೆ ನಮ್ಮದು. ಪಹಣಿ ನೋಡಿ, ಬೋಜಾ (ಜಮೀನಿನ ಮೇಲಿನ ಸಾಲ) ಎಷ್ಟಿದೆ ನೋಡಿ, ಅಡಿಕೆ ತೋಟ ಎಷ್ಟು ಗುಂಟೆ ನೋಡಿ ಪತ್ತು ಕಟ್ಟುತ್ತೇವೆ. ಕಮಿಟಿ ಠರಾವು ಆದ ಮೇಲೆ ಮಂಜೂರಿ. ಮಂಜೂರಿ ಆದ ದುಡ್ಡನ್ನೆಲ್ಲ ಎತ್ತಲೇಬೇಕು ಅಂತ ಇಲ್ಲ, ಬೇಕಾದಷ್ಟು ಎತ್ತಬಹುದು. ಇದು ಹೊಸ ಹುಡುಗರಿಗೆ ತಲೆಗೆ ಹೋಗುವುದಿಲ್ಲ. ಮಂಜೂರಾಯ್ತು ಅಂದ ಕೂಡಲೇ ಖಾತೆಗೆ ಬಂತು ಅಂದುಕೊಂಡು ಎಟಿಎಂಗೆ ಓಡುತ್ತಾರೆ.

ತೊಡದೇವು (ಶಿರಸಿ):
ಹುಡುಗರೇನು, ನಾವೇ ಹಾಗೆ ಮಾಡಿದ್ದು. ಮನೆ ಕಟ್ಟಲಿಕ್ಕೆ ಒಂದು ಬ್ಯಾಂಕಿನಲ್ಲಿ ಅರ್ಜಿ ಹಾಕಿದ್ದೆವು. ಸ್ಯಾಂಕ್ಷನ್ ಲೆಟರ್ ಬಂತು. ಮನೆಯವರು ಅದನ್ನು ಝೆರಾಕ್ಸ್ ಮಾಡಿಸಿ ಮಾವನವರಿಗೆ ತೋರಿಸಿ, ಚಿರೆಕಲ್ಲಿಗೆ ಆರ್ಡರ್ ಕೊಟ್ಟರು. ಎರಡು ಲಾರಿ ಕಲ್ಲು ಅಂಗಳದಲ್ಲಿ ಬಿತ್ತು. ಆಮೇಲೆ ಬ್ಯಾಂಕಿನವರು ಹೇಳುತ್ತಾರೆ, ಲೆಟರಿನ ಎರಡನೇ ಪುಟದಲ್ಲಿ ಷರತ್ತು ಇದೆ, ಪಾಲುಪಟ್ಟಿ ರಿಜಿಸ್ಟರ್ ಆಗಿ ಪಹಣಿಯಲ್ಲಿ ಹೆಸರು ಕೂತ ಮೇಲೆ ದುಡ್ಡು ಅಂತ. ಆ ಎರಡನೇ ಪುಟ ಪೂರ್ತಿ ಸಣ್ಣ ಅಕ್ಷರ, ಕೆಳಗೆ ನಮ್ಮ ಇಬ್ಬರ ಸಹಿ ಬೇರೆ ಇದೆ. ಹೆಸರು ಕೂರುವಷ್ಟರಲ್ಲಿ ಲೆಟರಿನ ಅವಧಿ ಮುಗಿದಿತ್ತು. ಮತ್ತೆ ಹೊಸ ಅರ್ಜಿ, ಮತ್ತೆ ಪ್ರೊಸೆಸಿಂಗ್ ಫೀ. ಕಲ್ಲಿನ ಮೇಲೆ ಮಳೆಗಾಲದ ಪಾಚಿ ಬೆಳೆಯಿತು.

ಪತ್ತಿನ ಲೆಕ್ಕ (ಸಿದ್ದಾಪುರ):
ಅಕ್ಕಾ, ಸ್ಯಾಂಕ್ಷನ್ ಲೆಟರ್ ಅಂದರೆ ‘ಇಷ್ಟು ಕೊಡಲು ನಮಗೆ ಒಪ್ಪಿಗೆ, ಈ ಷರತ್ತು ಪೂರೈಸಿದರೆ’ ಅಂತ ಮಾತ್ರ. ದುಡ್ಡು ಕೈಗೆ ಬರುವುದಕ್ಕೆ ಡಿಸ್ಬರ್ಸ್ ಅಂತಾರೆ. ಮನೆ ಸಾಲದಲ್ಲಂತೂ ಅದೂ ಒಂದೇ ಗಂಟಿನಲ್ಲಿ ಬರುವುದಿಲ್ಲ. ಪಂಚಾಂಗ ಆದಾಗ ಒಂದು ಕಂತು, ಲಿಂಟಲ್ ಮಟ್ಟಕ್ಕೆ ಬಂದಾಗ ಒಂದು, ಸ್ಲ್ಯಾಬ್ ಆದಾಗ ಒಂದು. ಪ್ರತಿ ಸಲ ಎಂಜಿನಿಯರ್ ಬಂದು ಫೋಟೋ ಹೊಡೆಯಬೇಕು. ಒಂದು ಸಮಾಧಾನ ಏನೆಂದರೆ, ಬಡ್ಡಿ ಎಣಿಸುವುದು ಕೈಗೆ ಬಂದ ಕಂತಿಗೆ ಮಾತ್ರ, ಮಂಜೂರಾದ ಪೂರ್ತಿ ಮೊತ್ತಕ್ಕಲ್ಲ.

ತೊಡದೇವು (ಶಿರಸಿ):
ಇದನ್ನು ಆಗ ಯಾರಾದರೂ ಇಷ್ಟು ಬಿಡಿಸಿ ಹೇಳಿದ್ದರೆ! ಕೌಂಟರಿನಲ್ಲಿ ‘ಕಂಗ್ರಾಟ್ಸ್ ಮೇಡಂ, ಸ್ಯಾಂಕ್ಷನ್ ಆಗಿದೆ’ ಅಂದರು, ಅಷ್ಟೇ.

ಎಂ.ಬಿ. ಬುಕ್ (ಯಲ್ಲಾಪುರ):
ಸರ್ಕಾರಿ ಕಾಮಗಾರಿಯಲ್ಲೂ ಇದೇ ಕಥೆ. ರಸ್ತೆ ಸ್ಯಾಂಕ್ಷನ್ ಆಗಿದೆ ಅಂತ ಭಾಷಣ ಮಾಡುತ್ತಾರೆ. ಯಾವ ಸ್ಯಾಂಕ್ಷನ್ ಅಂತ ಕೇಳಿ. ಮೊದಲು ಆಡಳಿತಾತ್ಮಕ ಅನುಮೋದನೆ. ಅಂದರೆ ಈ ಕೆಲಸ ಬೇಕು, ಇಷ್ಟು ಖರ್ಚಿಗೆ ಒಪ್ಪಿದೆ ಅಂತ. ಆಮೇಲೆ ತಾಂತ್ರಿಕ ಮಂಜೂರಾತಿ. ಅಂದರೆ ಎಸ್ಟಿಮೇಟ್ ಸರಿ ಇದೆ, ಕಟ್ಟಿದರೆ ನಿಲ್ಲುತ್ತದೆ ಅಂತ ಮೇಲಿನ ಎಂಜಿನಿಯರ್ ಒಪ್ಪುವುದು. ಆಮೇಲೆ ಟೆಂಡರ್. ಆಮೇಲೆ ಕಾರ್ಯಾದೇಶ. ಅದಾದ ಮೇಲೆ ಜೆಸಿಬಿ ಬರುತ್ತದೆ. ಭಾಷಣ ಆಗುವುದು ಮೊದಲನೇ ಮೆಟ್ಟಿಲಲ್ಲಿ, ಕೆಲವೊಮ್ಮೆ ಅದಕ್ಕೂ ಮೊದಲು.

ಕನ್ನಡದಲ್ಲಿ ಒಂದನ್ನು ಅನುಮೋದನೆ, ಇನ್ನೊಂದನ್ನು ಮಂಜೂರಾತಿ ಅಂತ ಬೇರೆ ಬೇರೆ ಮಾಡಿದ್ದಾರೆ, ನೋಡಿ. ಬಾಯಿಮಾತಿನಲ್ಲಿ ಎಲ್ಲ ಸೇರಿ ಒಂದೇ ‘ಸ್ಯಾಂಕ್ಷನ್’ ಆಗಿದೆ.

ಕರಿ ಇಶಾಡ (ಅಂಕೋಲಾ):
ಸ್ಯಾಂಕ್ಷನ್ ಅಂದ ಕೂಡಲೇ ನಮಗೆ ನೆನಪಾಗುವುದು ಹುಬ್ಬಳ್ಳಿ ಅಂಕೋಲಾ ರೈಲು. ತೊಂಬತ್ತರ ದಶಕದಲ್ಲೇ ಸ್ಯಾಂಕ್ಷನ್. ನಮ್ಮ ಅಪ್ಪ ಆಗಲೇ ಹುಬ್ಬಳ್ಳಿಗೆ ರೈಲಿನಲ್ಲಿ ಮಾವಿನಹಣ್ಣು ಕಳಿಸುವ ಲೆಕ್ಕ ಹಾಕಿದ್ದರು.

ಎಂ.ಬಿ. ಬುಕ್ (ಯಲ್ಲಾಪುರ):
ರೈಲ್ವೆಯವರು ಮಂಜೂರು ಮಾಡಿದರೆ ಮುಗಿಯಲಿಲ್ಲ. ಘಟ್ಟದ ಕಾಡಿನಲ್ಲಿ ಹೋಗಬೇಕು. 1980ರ ಅರಣ್ಯ ಕಾಯ್ದೆ ಪ್ರಕಾರ ಕೇಂದ್ರದ ಒಪ್ಪಿಗೆ ಬೇಕು, ವನ್ಯಜೀವಿ ಮಂಡಳಿ ಬೇರೆ. ಅದಕ್ಕೆ ಸ್ಯಾಂಕ್ಷನ್ ಅನ್ನುವುದಿಲ್ಲ, ಕ್ಲಿಯರೆನ್ಸ್ ಅಂತಾರೆ. ಸ್ಯಾಂಕ್ಷನ್ ಕೊಡುವವನು ದುಡ್ಡು ಬಿಚ್ಚುತ್ತಾನೆ. ಕ್ಲಿಯರೆನ್ಸ್ ಕೊಡುವವನು ಅಡ್ಡ ಇಟ್ಟ ಕೈ ತೆಗೆಯುತ್ತಾನೆ, ಅಷ್ಟೇ.

ಅಘನಾಶಿನಿ (ಕುಮಟಾ):
ಕಾಡು ಕಡಿದು ರೈಲು ಬೇಕಾ ಅನ್ನುವ ಪ್ರಶ್ನೆಯೂ ಇದೆ. ಎಲ್ಲರೂ ಬೇಕು ಅಂತಿಲ್ಲ.

ಕರಿ ಇಶಾಡ (ಅಂಕೋಲಾ):
ಕೊಂಕಣ ರೈಲು 1998ರಲ್ಲಿ ಪೂರ್ತಿ ಶುರುವಾದಾಗ ನೀನು ಹುಟ್ಟಿದ್ದಿಯಾ? ಆಗಲೂ ಇದೇ ಮಾತು ಆಡಿದ್ದರು. ಈಗ ಎಲ್ಲರೂ ಅದರಲ್ಲೇ ಮುಂಬೈಗೆ ಹೋಗುತ್ತಾರೆ.

ಅಘನಾಶಿನಿ (ಕುಮಟಾ):
ಕರಾವಳಿ ಉದ್ದಕ್ಕೆ ಹೋಗುವುದು ಬೇರೆ, ಘಟ್ಟ ಸೀಳಿ ಮೇಲೆ ಹತ್ತುವುದು ಬೇರೆ. ಶಿರೂರು ಗುಡ್ಡ ಕುಸಿದು ಎಷ್ಟು ವರ್ಷ ಆಯ್ತು? 2024ರ ಜುಲೈ. ಇಷ್ಟು ಬೇಗ ಮರೆತರೆ ಹೇಗೆ?

ನಿವೃತ್ತ ಮಾಸ್ತರು (ಕುಮಟಾ):
ರೈಲಿಗೆ ಬೇರೆ ಚರ್ಚೆ ತೆರೆಯಿರಿ ಇಬ್ಬರೂ.

ಸುದ್ದಿಮನೆ:
ಮತ್ತೆ ಶಬ್ದಕ್ಕೆ ಬರೋಣ. ಈ ಶಿಕ್ಷೆಯ ಸ್ಯಾಂಕ್ಷನ್‌ಗೆ ಕನ್ನಡ ಪೇಪರುಗಳು ಕೆಲವರು ‘ನಿರ್ಬಂಧ’ ಅಂತಾರೆ, ಕೆಲವರು ‘ದಿಗ್ಬಂಧನ’ ಅಂತಾರೆ. ನನಗೆ ದಿಗ್ಬಂಧನ ಒಪ್ಪಿಗೆ ಇಲ್ಲ. ದಿಕ್ಕುಗಳನ್ನೆಲ್ಲ ಕಟ್ಟಿಬಿಡುವುದು ದಿಗ್ಬಂಧನ. ಬಂದರಿನ ಮುಂದೆ ಯುದ್ಧನೌಕೆ ನಿಲ್ಲಿಸಿ ಏನೂ ಬಿಡುವುದಿಲ್ಲ ಅಂದರೆ ಆ ಮಾತು ಸರಿ. ಈಗಿನ ಸ್ಯಾಂಕ್ಷನ್ ಎಷ್ಟೋ ಸಲ ಒಬ್ಬ ಮನುಷ್ಯನ ಮೇಲೆ, ಒಂದು ಬ್ಯಾಂಕಿನ ಮೇಲೆ, ಇಲ್ಲಿ ಬಂದ ಹಾಗೆ ಒಂದು ಹಡಗಿನ ಮೇಲೆ ಇರುತ್ತದೆ. ನಿರ್ಬಂಧ ಅಂದರೆ ಸಾಕು.

ಕರಿ ಕೋಟು (ಕಾರವಾರ):
ನಿರ್ಬಂಧ ಅಂದರೆ ರೆಸ್ಟ್ರಿಕ್ಷನ್. ರಾತ್ರಿ ಘಾಟಿಯಲ್ಲಿ ಲಾರಿ ಬಿಡದಿದ್ದರೂ ಸಂಚಾರ ನಿರ್ಬಂಧ ಅಂತೀರಿ. ಅದರಲ್ಲಿ ಶಿಕ್ಷೆ ಎಲ್ಲಿದೆ? ತಪ್ಪು ಮಾಡಿದ್ದಕ್ಕೆ ಕೊಟ್ಟ ಪೆಟ್ಟು ಅನ್ನುವ ಅರ್ಥ ಬರಬೇಕಾದರೆ ದಂಡನಾ ಕ್ರಮ ಅನ್ನಬೇಕು.

ಸುದ್ದಿಮನೆ:
ಒಂದು ಕಾಲಮ್ ತಲೆಬರಹಕ್ಕೆ ‘ದಂಡನಾ ಕ್ರಮ’ ಕೂರಿಸಿ ತೋರಿಸಿ ಸಾರ್, ಆಮೇಲೆ ಮಾತಾಡೋಣ.

ನಿವೃತ್ತ ಮಾಸ್ತರು (ಕುಮಟಾ):
1998ರ ಮೇ ತಿಂಗಳಲ್ಲಿ ಪೋಖ್ರಾನ್ ಅಣು ಪರೀಕ್ಷೆ ಆದಾಗ ಅಮೆರಿಕ ನಮ್ಮ ಮೇಲೆ ಹಾಕಿದ್ದೂ ಇದೇ. ಅದಕ್ಕೂ ಮೊದಲು 1992ರಲ್ಲಿ ರಷ್ಯಾದ ಕ್ರಯೋಜೆನಿಕ್ ರಾಕೆಟ್ ಎಂಜಿನ್ ಒಪ್ಪಂದದ ಕಾರಣಕ್ಕೆ ಇಸ್ರೋ ಮೇಲೆ ಹಾಕಿದ್ದರು. ಅಂದರೆ ಇಸ್ರೋ ಕೂಡ ಒಂದು ಕಾಲಕ್ಕೆ ‘ಸ್ಯಾಂಕ್ಷನ್ಡ್’ ಆಗಿತ್ತು. ಇನ್ನೂ ಹಿಂದೆ ಹೋದರೆ 1935ರಲ್ಲಿ ಇಟಲಿ ಅಬಿಸೀನಿಯಾದ (ಈಗಿನ ಇಥಿಯೋಪಿಯಾ) ಮೇಲೆ ದಂಡೆತ್ತಿದಾಗ, ವಿಶ್ವಸಂಸ್ಥೆಗೂ ಮೊದಲಿದ್ದ ಲೀಗ್ ಆಫ್ ನೇಷನ್ಸ್ ಹಾಕಿದ ಸ್ಯಾಂಕ್ಷನ್ಸ್. ಪೆಟ್ರೋಲಿಯಂ ಎಣ್ಣೆಯನ್ನೇ ಪಟ್ಟಿಯಿಂದ ಬಿಟ್ಟಿದ್ದರು, ಇಟಲಿಯ ಮುಸೊಲಿನಿ ಅದಕ್ಕೆಲ್ಲ ನಿಲ್ಲಲಿಲ್ಲ.

ಪತ್ತಿನ ಲೆಕ್ಕ (ಸಿದ್ದಾಪುರ):
ಅದಿರಲಿ, ‘ಮಂಜೂರು’ ನಮ್ಮ ಶಬ್ದವಾ? ನಮ್ಮ ಜಿಲ್ಲೆ ಮೊದಲಿನಿಂದಲೂ ಮುಂಬೈ ಸರ್ಕಾರಕ್ಕೆ ಸೇರಿದ್ದು, ಹಾಗಾಗಿ ಮರಾಠಿಯಿಂದ ಬಂದದ್ದು ಅಂತ ನಮ್ಮ ಹಳೆ ಸೆಕ್ರೆಟರಿ ಹೇಳುತ್ತಿದ್ದರು. ಮಾಮಲೇದಾರ ಕಚೇರಿ, ದಫ್ತರು, ಠರಾವು ಎಲ್ಲ ಹಾಗೆಯೇ ಅಂತೆ.

ಕರಿ ಕೋಟು (ಕಾರವಾರ):
ಮೊದಲಿನಿಂದ ಅಲ್ಲ. 1862ರವರೆಗೆ ನಾವು ಮದ್ರಾಸಿಗೆ ಸೇರಿದ್ದೆವು. ಆಮೇಲೆ ಮುಂಬೈ, 1956ರಲ್ಲಿ ಮೈಸೂರು ರಾಜ್ಯ. ಮಾಮಲೇದಾರ ಮುಂಬೈ ಕಾಲದ್ದು ಹೌದು. ಮಂಜೂರು ಮಾತ್ರ ಹಳೆ ಮೈಸೂರಿನವರೂ ಅನ್ನುತ್ತಾರೆ. ಅದನ್ನು ಮುಂಬೈ ಲೆಕ್ಕಕ್ಕೆ ಬರೆಯಬೇಡಿ.

ನಿವೃತ್ತ ಮಾಸ್ತರು (ಕುಮಟಾ):
ಅದು ಅರಬ್ಬಿ ಮೂಲದ್ದು, ಪಾರಸಿ ಉರ್ದು ದಾಟಿ ಬಂದದ್ದು. ‘ನಜರ್’ ಅನ್ನುತ್ತಾರಲ್ಲ, ದೃಷ್ಟಿ, ಅದೇ ಬೇರಿನದು. ಮಂಜೂರ್ ಅಂದರೆ ಮೂಲದಲ್ಲಿ 'ನೋಡಿದ್ದು', ಅಂದರೆ ಸಾಹೇಬರ ಕಣ್ಣಿಗೆ ಬಿದ್ದದ್ದು.

ಎಂ.ಬಿ. ಬುಕ್ (ಯಲ್ಲಾಪುರ):
ಹಾಗಾದರೆ ನಮ್ಮ ಕಚೇರಿಯಲ್ಲಿ ನೋಡದೆ ಮಂಜೂರಾಗುವ ಫೈಲುಗಳಿಗೆ ಬೇರೆ ಶಬ್ದ ಹುಡುಕಬೇಕು. 😀

ಭಟ್ಕಳ ಟು ದುಬೈ:
ಮಾಸ್ತರು ಹೇಳಿದ್ದು ಖರೆ. ಇಲ್ಲಿ ಅರಬ್ಬಿಯಲ್ಲೂ ನಜರ್ ಅಂದರೆ ನೋಟವೇ. ಆದರೆ ಸಾಲಕ್ಕೆ ಇವರು ಮಂಜೂರ್ ಅನ್ನುವುದಿಲ್ಲ.

ತೊಡದೇವು (ಶಿರಸಿ):
ಒಂದೇ ಮಾತು ಎರಡು ಕಡೆಗೂ ಹೊಡೆಯುವುದು ನಮ್ಮಲ್ಲೂ ಇದೆ. ‘ಬಡ್ಡಿ ವಜಾ’ ಅಂದರೆ ಹಬ್ಬ, ‘ಕೆಲಸದಿಂದ ವಜಾ’ ಅಂದರೆ ಸೂತಕ.

ಅಘನಾಶಿನಿ (ಕುಮಟಾ):
ವಿಲೇವಾರಿ! ಅರ್ಜಿ ವಿಲೇವಾರಿ ಆಗಿದೆ ಅಂತ ಮೊಬೈಲಿಗೆ ಮೆಸೇಜ್ ಬಂತು. ಕಸ ವಿಲೇವಾರಿ ಅಂದರೂ ಅದೇ ಶಬ್ದ. ನನ್ನ ಅರ್ಜಿ ಒಪ್ಪಿದರೋ, ತಿಪ್ಪೆಗೆ ಹಾಕಿದರೋ ಗೊತ್ತಾಗಲಿಲ್ಲ. ಹೋಗಿ ಕೇಳಿದರೆ ತಿರಸ್ಕಾರ ಆಗಿತ್ತು.

ಸುದ್ದಿಮನೆ:
ನಾವು ಮನೆಯಿಂದ ಹೊರಡುವಾಗ ‘ಬರ್ತೆ’ ಅಂತೇವಲ್ಲ, ಅದನ್ನು ಹುಬ್ಬಳ್ಳಿಗೆ ಬಂದ ಉತ್ತರ ಭಾರತದ ಹೊಸ ಸಹೋದ್ಯೋಗಿಗೆ ಅರ್ಥ ಮಾಡಿಸಲಿಕ್ಕೆ ಸಾಕಾಯ್ತು. ‘ಬರ್ತೇನೆ ಅಂದು ಎದ್ದು ಹೋದೆಯಲ್ಲ’ ಅಂತ ಅವಳಿಗೆ ಕೋಪ.

ತೋಟದಮನೆ (ಶಿರಸಿ):
ಹುಡುಗನ ವಿಷಯ ಹೇಳಿಬಿಡುತ್ತೇನೆ. ಏಜೆಂಟನಿಗೆ ಲೈಸೆನ್ಸ್ ನಂಬರ್ ಕೇಳಿದ ಕೂಡಲೇ ದನಿ ಬದಲಾಯಿತಂತೆ. ‘ನಂಬಿಕೆ ಇಲ್ಲದಿದ್ದರೆ ಬಿಡಿ, ಸೀಟಿಗೆ ಬೇರೆಯವರಿದ್ದಾರೆ’ ಅಂದ. ವೆಬ್‌ಸೈಟಿನ ಪಟ್ಟಿಯಲ್ಲಿ ಅವನ ಕಂಪನಿ ಹೆಸರು ಇಲ್ಲ. ಐಎಂಒ ನಂಬರ್ ಹಾಕಿ ನೋಡಿದರೆ ಅದೇ ಹಡಗಿಗೆ ಹಳೆಯ ಹೆಸರುಗಳು ಬೇರೆ ಬೇರೆ ಇವೆ. ಬಿಟ್ಟೆವು. ಅತ್ತಿಗೆಗೆ ಇನ್ನೂ ಪೂರ್ತಿ ಸಮಾಧಾನ ಇಲ್ಲ, ಬಂದ ಕೆಲಸ ತಪ್ಪಿಸಿದೆ ಅಂತ ನನ್ನ ಮೇಲೆ ಮುನಿಸು.

ಎಂಜಿನ್ ರೂಮ್ (ಕಾರವಾರ):
ಮುನಿಸು ಇಳಿಯುತ್ತದೆ, ಬಿಡಿ. ಹುಡುಗನಿಗೆ ಹೇಳಿ, ಮೊದಲ ಹಡಗಿಗೆ ಅವಸರ ಮಾಡಬೇಡ. ಲೈಸೆನ್ಸ್ ಇರುವ ಕಂಪನಿಗಳಿಗೆ ನೇರ ಅರ್ಜಿ ಹಾಕುತ್ತಾ ಇರಲಿ. ಕಾಂಟ್ರಾಕ್ಟ್ ಕೈಗೆ ಬಂದಾಗ ಸಂಬಳ, ಹಡಗಿನ ಹೆಸರು, ಐಎಂಒ ನಂಬರ್, ಇನ್ಶೂರೆನ್ಸ್ ಯಾರದ್ದು ಅಂತ ಇದೆಯಾ ನೋಡಲಿ. ಹಡಗು ಕೈಬಿಟ್ಟರೆ ಊರಿಗೆ ಕಳಿಸುವ ಖರ್ಚಿಗೂ, ಬಾಕಿ ಸಂಬಳದಲ್ಲಿ ನಾಲ್ಕು ತಿಂಗಳದ್ದಕ್ಕೂ ಗ್ಯಾರಂಟಿ ಇರಬೇಕು ಅಂತ 2017ರಿಂದ ನಿಯಮ ಇದೆ. ಆ ಸರ್ಟಿಫಿಕೇಟ್ ಹಡಗಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸಿರಬೇಕು.

ಪತ್ತಿನ ಲೆಕ್ಕ (ಸಿದ್ದಾಪುರ):
ಸ್ಯಾಂಕ್ಷನ್ ಬಗ್ಗೆ ಇಷ್ಟು ಮಾತು ಆಯ್ತು, ನನ್ನದೊಂದು ಪ್ರಶ್ನೆ. ಕರೆಂಟ್ ಬಿಲ್‌ನಲ್ಲಿ ‘ಮಂಜೂರಾದ ಲೋಡ್’ ಅಂತ ಇರುತ್ತದಲ್ಲ. ಮನೆಗೆ ಎಸಿ ಹಾಕಿಸಿದರೆ ಅದನ್ನು ಹೆಚ್ಚು ಮಾಡಿಸಬೇಕಾ? ಮಗಳು ಬಾಣಂತನಕ್ಕೆ ಬರುವವಳಿದ್ದಾಳೆ.

ಎಂ.ಬಿ. ಬುಕ್ (ಯಲ್ಲಾಪುರ):
ಬಿಲ್ ಮೇಲೆ ಎಷ್ಟು ಕಿಲೋವಾಟ್ ಇದೆ ನೋಡಿ. ನಿಗದಿತ ಶುಲ್ಕ ಎಣಿಸುವುದು ಆ ಲೋಡಿನ ಮೇಲೆಯೇ. ಹೆಚ್ಚು ಮಾಡಿಸಿದರೆ ಕರೆಂಟ್ ಉರಿಸದಿದ್ದರೂ ತಿಂಗಳಿಗೆ ಸ್ವಲ್ಪ ಜಾಸ್ತಿ ಬರುತ್ತದೆ. ಸುಮ್ನೆ ಹೆಚ್ಚು ಮಾಡಿಸಬೇಡಿ, ಮೊದಲು ಮನೆಯಲ್ಲಿ ಇರುವ ಪಂಪು, ಗೀಸರ್, ಗ್ರೈಂಡರ್ ಎಲ್ಲ ಕೂಡಿಸಿ ನೋಡಿ. ಲೋಡ್ ಮೀರುತ್ತದೆ ಅಂದರೆ ಅರ್ಜಿ ಹಾಕಿ.

ಕರಿ ಇಶಾಡ (ಅಂಕೋಲಾ):
ಸಿದ್ದಾಪುರದಲ್ಲಿ ಎಸಿ ಯಾಕೆ ಮಾರಾಯ್ರೆ? ಸೆಕೆ ಅಂದರೆ ಏನು ಅಂತ ಏಪ್ರಿಲ್‌ನಲ್ಲಿ ಅಂಕೋಲೆಗೆ ಬಂದು ನೋಡಿ.

ಪತ್ತಿನ ಲೆಕ್ಕ (ಸಿದ್ದಾಪುರ):
ಅಳಿಯ ಬೆಂಗಳೂರಿನವರು.

ಕರಿ ಇಶಾಡ (ಅಂಕೋಲಾ):
ಹಾಗಾದರೆ ಹಾಕಿಸಿ.